ಬಚ್ಚಲಿಗೆ ಬಂದ ಹೊಸ ಸಾಕೆಟ್ಟು

ಕಣ್ಣಾರೆ ಕಂಡವನಿಗಿಂತ ಕಡಿಮೆ ಕಂಡವನು ಇನ್ನೊಬ್ಬನಿಲ್ಲ. ತಾಲೂಕು ಕೋರ್ಟೊಂದರಲ್ಲಿ ಬೆಂಚ್ ಕ್ಲರ್ಕ್ ಆಗಿ ಮೂವತ್ತೊಂದು ವರ್ಷ ಸಾಕ್ಷಿಗಳ ಮಾತನ್ನು ಬರೆದುಕೊಂಡ ಮೇಲೆ ನನಗೆ ಉಳಿದಿರುವ ತಿಳುವಳಿಕೆ ಇದೊಂದೇ. ಎರಡು ಲಾರಿ ಡಿಕ್ಕಿಯಾದದ್ದನ್ನು ಐದು ಮಾರು ದೂರದಿಂದ ನೋಡಿದವನು ಲಾರಿಯ ಬಣ್ಣ ಹೇಳಲಾರ. ಆದರೆ ಆ ಹೊತ್ತಿಗೆ ತಾನು ಕುಡಿಯುತ್ತಿದ್ದ ಚಹಕ್ಕೆ ಸಕ್ಕರೆ ಕಡಿಮೆಯಿತ್ತು ಎಂಬುದನ್ನು ಪ್ರಮಾಣ ಮಾಡಿ ಹೇಳುತ್ತಾನೆ. ಅಂಥವರನ್ನು ನೋಡಿ ನಾನು ತಲೆ ತಗ್ಗಿಸಿ ನಗುತ್ತಿದ್ದೆ. ನಿವೃತ್ತನಾದ ಎರಡನೆಯ ವರ್ಷ, ಮೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಎಂಟೂವರೆಗೆ, ಹೊನ್ನಾವರದ ನನ್ನ ಮನೆಯ ಬಚ್ಚಲಿನ ಬಾಗಿಲಲ್ಲಿ ನಿಂತು ನಾನೂ ಸಾಕ್ಷಿಯಾದೆ. ನಗು ಅಲ್ಲಿಗೆ ನಿಂತಿತು.

ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ನನ್ನ ಹೆಂಡತಿ ನಾಗವೇಣಿ ಬಾವಿಕಟ್ಟೆಯಲ್ಲಿ ಕಾಲು ತೊಳೆದು ಒಳಗೆ ಬಂದಳು. ನಮ್ಮ ಕಡೆ ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವುದಿಲ್ಲ. ತೊಳೆದ ಕಾಲನ್ನು ಒರೆಸುವ ಪದ್ಧತಿಯಿಲ್ಲ. ಚಪ್ಪಲಿ ಒಳಗೆ ತರುವ ಮಾತಂತೂ ಇಲ್ಲವೇ ಇಲ್ಲ. ಹಂಡೆಯ ಪಕ್ಕದಲ್ಲಿ ಬಟ್ಟೆ ತೊಳೆಯುವ ಮಿಷನ್ನು ನಡೆಯುತ್ತಿತ್ತು. ಅವಳು ಎಡಗೈಯಲ್ಲಿ ನೀಲಿ ಗೆರೆಯ ಹೊದಿಕೆ ಹಿಡಿದು, ಬಲಗೈಯನ್ನು ಮಿಷನ್ನಿನ ತಗಡಿನ ಮೇಲಿಟ್ಟಳು. ಕೂಗಲಿಲ್ಲ. ಗಂಟಲಿನಲ್ಲಿ ಒಂದು ಸಣ್ಣ ಸದ್ದಾಯಿತು. ಬಳೆಗಳು ತಗಡಿಗೆ ತಾಗಿ ಕಟಕಟ ನಡುಗಿದವು. ಕೈ ಅಲ್ಲಿಂದ ಬರಲಿಲ್ಲ. ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಸ್ವಿಚ್ಚು ನನ್ನ ಬಲಗೈಗೆ ಒಂದು ಗೇಣು. ಆಗ ನಾನು ಮಾಡಿದ ಕೆಲಸವೆಂದರೆ, "ಏನಾಯ್ತು?" ಎಂದು ಕೇಳಿದ್ದು. ಉತ್ತರ ಬರಲಿಲ್ಲವೆಂದು ಇನ್ನೊಮ್ಮೆ ಕೇಳಿದೆ.

ಅಷ್ಟರಲ್ಲಿ ನೆಲದ ಪಾಚಿಯ ಮೇಲೆ ಅವಳ ಕಾಲು ಜಾರಿತು. ಬಿದ್ದಳು, ಬಿದ್ದ ಭಾರಕ್ಕೆ ಕೈ ಬಿಟ್ಟಿತು. ಆ ಪಾಚಿಯನ್ನು ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ನನ್ನ ಸೋಮಾರಿತನದಿಂದ ಇನ್ನೊಬ್ಬರಿಗೆ ಉಪಕಾರವಾದದ್ದು ಅದೊಂದೇ ಸಲ. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ, ಕಾಗದದ ಪಟ್ಟಿ ತೆಗೆದು, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಅಂಗೈಯಲ್ಲಿ ಉದ್ದಿನ ಬೇಳೆಯಷ್ಟು ಒಂದು ಬಿಳಿ ಕಲೆ ಉಳಿಯಿತು. ನನ್ನ ಹೃದಯವನ್ನು ಯಾರೂ ನೋಡಲಿಲ್ಲ. ಮನೆಗೆ ಬಂದ ಮೇಲೆ ಎರಡು ದಿನ ನಾನು ಬೆಳಕಿನ ಸ್ವಿಚ್ಚನ್ನೂ ಪೆನ್ನಿನ ತುದಿಯಿಂದ ಒತ್ತುತ್ತಿದ್ದೆ.

ಸುದ್ದಿ ಕೇಳಿ ನೋಡಲು ಬಂದರು. ಹೆರಿಗೆಗೆ, ಆಪರೇಷನ್ನಿಗೆ ನೋಡಲು ಬರುವ ಹಾಗೆಯೇ ಶಾಕಿಗೂ ಬರುತ್ತಾರೆ ಎಂದು ಗೊತ್ತಾದದ್ದು ಆಗ. ಒಂದು ವ್ಯತ್ಯಾಸವಿದೆ. ಶಾಕು ಹೊಡೆಸಿಕೊಂಡವರನ್ನು ನೋಡಲು ಬಂದವರು ಅವರ ಕಥೆ ಕೇಳುವುದಿಲ್ಲ, ತಮ್ಮದನ್ನು ಹೇಳುತ್ತಾರೆ. ಪಕ್ಕದ ಮನೆಯ ದೇವಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಮಂಚದ ಮೇಲಿಟ್ಟು ಕುಳಿತ ಕೂಡಲೇ ಶುರು ಮಾಡಿದರು.

"ನಮ್ಮನೆ ಬಾವಿ ಪಂಪು ನಾಲ್ಕು ವರ್ಷ ಆತು ನಾಗವೇಣಿ, ಮುಟ್ಟಿದ್ರೆ ಜುಂ ಅಂತದೆ. ನಾವೆಂತ ಆಸ್ಪತ್ರೆಗೆ ಹೋಗಿದ್ವಾ? ನಮ್ಮ ಅತ್ತೆಯೋರ ಗಂಟುನೋವು ಅದ್ರಿಂದ್ಲೇ ಕಮ್ಮಿ ಆದದ್ದು."

"ಹಾಂಗಾರೆ ಮತ್ತೆ ಈಗ ಎಂತಕೆ ಕೋಲು ಹಿಡ್ಕಂಡು ನಡೀತ್ರು?" ಎಂದಳು ನಾಗವೇಣಿ, ಮಲಗಿದಲ್ಲಿಂದಲೇ.

"ಈಗ ಕರೆಂಟು ಸರಿ ಬರೂದಿಲ್ಲಲೆ" ಎಂದರು ದೇವಕ್ಕ.

ಭಟ್ಕಳ ತಾಲೂಕಿನ ಮುಟ್ಟಳ್ಳಿಯಿಂದ ನಾಗವೇಣಿಯ ತಮ್ಮ ಮಂಜುನಾಥ ಬಂದ. ಅವನ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಹಳೆಯ ಹವಾಯಿ ಚಪ್ಪಲಿ ನೇತುಹಾಕಿದ್ದಾರಂತೆ. ಕೈಗೆ ಚಪ್ಪಲಿ ಹಾಕಿಕೊಂಡು ಬಾಗಿಲು ತೆಗೆಯುವುದು, ಹಾಲು ತೆಗೆದುಕೊಳ್ಳುವುದು, ಮೊಣಕೈಯಿಂದ ಮುಚ್ಚುವುದು. "ಮಕ್ಳಿಗೂ ರೂಢಿ ಆಗ್ಬಿಟ್ಟದೆ ಬಾವ" ಎಂದು ಅವನು ಮಕ್ಕಳಿಗೆ ಈಜು ಕಲಿಸಿದ ಹೆಮ್ಮೆಯಲ್ಲಿ ಹೇಳಿದ. ಎಲ್ಲರೂ ಸಮಾಧಾನ ಹೇಳಲು ಬಂದವರೇ. ಒಬ್ಬೊಬ್ಬರು ಎದ್ದು ಹೋದಾಗಲೂ ನನ್ನ ಹೆದರಿಕೆಗೆ ಒಂದು ಹೊಸ ಮನೆ ಸೇರುತ್ತಿತ್ತು.

ನಾಲ್ಕನೆಯ ದಿನ ನಾಗವೇಣಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಾವಿಯ ಹತ್ತಿರದ ಒಗೆಯುವ ಕಲ್ಲಿಗೆ ಹೋದಳು. ಅವಳ ಬೆನ್ನಿನ ಕೆಳಗಿನ ಎಲುಬು ಸವೆದಿದೆ. ಬಗ್ಗಿ ಒಗೆಯಬಾರದೆಂದು ಡಾಕ್ಟರು ಹೇಳಿದ ಮೇಲೆಯೇ ಆ ಮಿಷನ್ನು ಮನೆಗೆ ಬಂದದ್ದು. ನಾನು ಒಗೆಯುತ್ತೇನೆ ಎಂದೆ. ಒಗೆದೆ ಕೂಡ. ಅವಳು ನೋಡಿದಳು, ಅದೇ ಬಟ್ಟೆಗಳನ್ನು ಇನ್ನೊಮ್ಮೆ ಒಗೆದಳು. ಸಂಜೆ ನೆಲದಿಂದ ಏಳುವಾಗ ಗೋಡೆ ಹಿಡಿದುಕೊಂಡಳು. ಮಿಷನ್ನಿನ ಕಡೆ ನೋಡಲಿಲ್ಲ. ಬಚ್ಚಲಿಗೆ ಸ್ನಾನಕ್ಕೆ ಹೋದರೂ ಅದರಿಂದ ಮೂರು ಅಡಿ ದೂರ, ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಆ ಮಿಷನ್ನನ್ನು ಅವಳು ಮತ್ತೆ ಮುಟ್ಟುವ ಹಾಗೆ ಮಾಡದಿದ್ದರೆ ಆ ಕಲ್ಲು ಅವಳ ಬೆನ್ನನ್ನು ಮುಗಿಸುತ್ತದೆ ಎಂದು ನನಗೆ ಸ್ಪಷ್ಟವಾಯಿತು.

ಮೈಗೆ ಕರೆಂಟು ಹರಿದರೆ ತಾನಾಗಿಯೇ ಬಂದಾಗುವ ಸಾಕೆಟ್ಟು ಇದೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರು. ಹೊನ್ನಾವರದಲ್ಲಿ ಕೇಳಿದೆ, ಇರಲಿಲ್ಲ. ಕುಮಟೆಗೆ ಹೋದೆ. ಅಂಗಡಿಯವನು ನನ್ನ ಮಾತನ್ನು ಪೂರ್ತಿ ಕೇಳಿ, "ಅದ್ನೆಲ್ಲ ಯಾರು ಹಾಕ್ತ್ರು ಮಾರಾಯ್ರೆ? ಒಂದು ಮರದ ಮಣೆ ಇಟ್ಕಳಿ, ಅದ್ರ ಮೇಲೆ ನಿಂತು ಮುಟ್ಟೂಕೆ ಹೇಳಿ" ಎಂದ. ಕೊನೆಗೆ ಭಟ್ಕಳ. ಅಲ್ಲಿ ಪೇಟೆಯ ಒಳಗಲ್ಲಿಯಲ್ಲಿ, ಗಲ್ಫಿನಲ್ಲಿ ಬಹಳ ವರ್ಷವಿದ್ದು ಬಂದ ಒಬ್ಬ ವಯಸ್ಸಾದ ಸಾಹೇಬರು ಅಂಗಡಿ ಇಟ್ಟಿದ್ದರು. ಅವರು ಮೊದಲು ಕುರ್ಚಿ ತೋರಿಸಿದರು. ಆಮೇಲೆ ಕೇಳಿದರು:

"ಮನೆಯಲ್ಲಿ ಯಾರಿಗೆ ಆಯ್ತು?"

ಇಂಥ ಸಾಕೆಟ್ಟು ಬೇಕು ಎಂದದ್ದು ಬಿಟ್ಟರೆ ನಾನು ಇನ್ನೂ ಏನನ್ನೂ ಹೇಳಿರಲಿಲ್ಲ. ಹೆಂಡತಿಗೆ, ಉಳಿದುಕೊಂಡಳು, ನಿಮಗೆ ಹೇಗೆ ಗೊತ್ತು ಎಂದೆ.

"ಇದನ್ನ ಕೇಳ್ಕೊಂಡು ಬರೋರೆಲ್ಲ ಆದ ಮೇಲೇ ಬರೋದು ಸಾರ್. ಕೆಲವರು ಉಳಿದವರಿಗೋಸ್ಕರ ತಗೊಂಡು ಹೋಗ್ತಾರೆ. ನಿಮ್ಮ ನಸೀಬು ಚೆನ್ನಾಗಿದೆ."

ಅವರು ಪೆಟ್ಟಿಗೆಯಿಂದ ಬಿಳಿಯ ಸಾಕೆಟ್ಟೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಹೋದ ಕರೆಂಟು ಅಷ್ಟೇ ತಿರುಗಿ ಬರಬೇಕು. ದಾರಿಯಲ್ಲಿ ಮೂವತ್ತು ಮಿಲಿ ಆಂಪಿಯರಿನಷ್ಟು ಬೇರೆ ಕಡೆ ಸೋರಿದರೂ, ಅಂದರೆ ಮಿಷನ್ನು ಬಿಟ್ಟು ಮನುಷ್ಯನ ಮೈಗೆ ಇಳಿದರೂ, ಕಣ್ಣು ಮಿಟುಕಿಸುವುದರೊಳಗೆ ಇದು ಬಂದ್ ಮಾಡುತ್ತದೆ. ಮೂವತ್ತು ಮಿಲಿ ಎಂದರೆ ಎಷ್ಟು ಎಂದು ಕೇಳಿದೆ. "ಇದಕ್ಕೆ ತಿಳಿಯೋಷ್ಟು" ಎಂದರು. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಹೊನ್ನಾವರದವರೆಗೆ ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಹಾಕುವವನು ಬೇಕಲ್ಲ. ನಮ್ಮ ಇಲೆಕ್ಟ್ರಿಷಿಯನ್ ಈಶ್ವರ ಮಾವಿನಕುರ್ವೆಯವನು. ಬೋಟು ನೀರಿನಲ್ಲಿರುವಷ್ಟು ದಿನ ಅವನು ಮೀನು ಹಿಡಿಯುತ್ತಾನೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸಿದ ಮೇಲೆ ವೈರು ಹಿಡಿಯುತ್ತಾನೆ. ಹಾಗಾಗಿ ನಮ್ಮ ಓಣಿಯಲ್ಲಿ ಕರೆಂಟಿನ ತೊಂದರೆಗಳೆಲ್ಲ ಜೂನ್ ತಿಂಗಳಿಗಾಗಿ ಕಾಯುತ್ತಿರುತ್ತವೆ. ಹತ್ತು ದಿನ ಕಾದೆವು. ಹತ್ತು ದಿನವೂ ನಾಗವೇಣಿ ಕಲ್ಲಿನ ಮೇಲೆ ಬಗ್ಗಿದಳು. ಬಟ್ಟೆ ಕಡಿಮೆಯಾಗಲೆಂದು ನಾನು ಒಂದೇ ಅಂಗಿಯನ್ನು ಮೂರು ದಿನ ಹಾಕಿದೆ. ನಾಲ್ಕನೆಯ ದಿನ ಅವಳೇ ಬಿಚ್ಚಿಸಿದಳು.

ಈಶ್ವರ ಬಂದವನೇ ಮೇನ್ ಸ್ವಿಚ್ಚು ಆರಿಸಿ, ಅದರ ಕೆಳಗೆ ಒಂದು ಸ್ಟೂಲು ಹಾಕಿ ನನ್ನನ್ನು ಕೂರಿಸಿದ. "ಯಾರು ಬಂದು ಎಂತ ಹೇಳಿದ್ರೂ ಹಾಕೂಕೆ ಬಿಡ್ಬೇಡಿ" ಎಂದ. ಆರಿಸುವ ಮೊದಲು, ಮೇನ್ ಇನ್ನೂ ಇದ್ದಾಗಲೇ, ಅವನು ಟೆಸ್ಟರನ್ನು ಅಡುಗೆಮನೆಯ ಸಾಕೆಟ್ಟಿನಲ್ಲಿ ತುರುಕಿ ದೀಪ ಹತ್ತುವುದನ್ನು ನೋಡಿಕೊಂಡಿದ್ದ. ಆರಿಸಿದ ಮೇಲೆ ಬಚ್ಚಲಿನಲ್ಲಿ ಮೂರೂ ತೂತುಗಳಿಗೆ ಹಾಕಿ ಹತ್ತದಿರುವುದನ್ನು ನೋಡಿದ. ಟೆಸ್ಟರೇ ಸತ್ತಿದ್ದರೆ ಎಲ್ಲ ವೈರೂ ಸತ್ತ ಹಾಗೆ ಕಾಣುತ್ತದಂತೆ. ಮಾತು ಕೇಳುವ ಮೊದಲು ಸಾಕ್ಷಿಗೆ ಕಿವಿ ಕೇಳುತ್ತದೆಯೋ ಎಂದು ನೋಡುವ ಈ ಎಚ್ಚರ ನಮ್ಮ ಕೋರ್ಟಿನಲ್ಲೂ ಇರಲಿಲ್ಲ.

ಹಳೆಯ ಸಾಕೆಟ್ಟನ್ನು ಬಿಚ್ಚಿದರೆ ತಿರುಪುಗಳಲ್ಲಿ ಹಸಿರು ಕಿಲುಬು. ಉಪ್ಪುಗಾಳಿ ಗೋಡೆಯ ಒಳಗೂ ಬಿಟ್ಟಿರಲಿಲ್ಲ. ಈಶ್ವರ, ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ತಿಂಗಿನ ಹಸಿರು ವೈರನ್ನು ಹಿಡಿದು, ಬಲೆಯ ಹಗ್ಗ ಎಳೆಯುವವನ ಹಾಗೆ ಅದರ ಬೆನ್ನು ಹತ್ತಿ ಹೋದ. ಅದು ಗೋಡೆ ದಾಟಿ ಹಿತ್ತಲಿಗೆ ಬಂದು, ನಲ್ಲಿಯ ಕಬ್ಬಿಣದ ಪೈಪಿಗೆ ಬಹಳ ಚಂದವಾಗಿ ಸುತ್ತಿಕೊಂಡಿತ್ತು. ಪೈಪು ಮೂರು ಅಡಿ ಕೆಳಗೆ ಹೋಗಿ ಪ್ಲಾಸ್ಟಿಕ್ಕಾಗಿತ್ತು.

"ಇದ್ನ ಪ್ಲಾಸ್ಟಿಕ್ ಮಾಡ್ಸಿದ್ದು ಯಾರು?"

ನಾನೇ. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆಂದು ಆರು ವರ್ಷದ ಹಿಂದೆ ಬದಲಿಸಿದ್ದೆ. ವೈರು ಸುತ್ತಿದ್ದ ತುಂಡು ಗಟ್ಟಿಯಾಗಿದೆ, ಅದು ಇರಲಿ ಎಂದು ಪ್ಲಂಬರನಿಗೆ ಒತ್ತಿ ಹೇಳಿದವನೂ ನಾನೇ.

"ಹಾಂಗಾರೆ ಆರು ವರ್ಷದಿಂದ ಈ ಮನೆಗೆ ಅರ್ತಿಂಗ್ ಇಲ್ಲ" ಎಂದ ಈಶ್ವರ. "ಅರ್ತಿಂಗ್ ಇಲ್ದೆ ಹೋದ್ರೆ ಮುಟ್ಟಿದವ್ರೇ ಅರ್ತಿಂಗು. ಅಕ್ಕ ಆದದ್ದು ಅದೇ."

ನಾಗವೇಣಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಕಡೆ ನೋಡಿದಳು, ಒಳಗೆ ಹೋದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಳೆ ಬಿಟ್ಟ ಎರಡು ದಿನ ಹೊಸ ಅರ್ತಿಂಗಿಗೆ ಗುಂಡಿ ತೋಡಿದೆವು. ಒಳಗೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಸಾಣಿಕಟ್ಟೆಯ ದಪ್ಪ ಉಪ್ಪನ್ನು ಎರಡು ಚೀಲ ತಂದು ಸುರಿಯುವಾಗ, ಇಷ್ಟು ವರ್ಷ ಯಾವ ಉಪ್ಪನ್ನು ಮನೆಯಿಂದ ದೂರ ಇಡಲು ಪೈಪು ಬದಲಿಸಿದೆನೋ ಅದನ್ನೇ ಕೊಂಡು ತಂದು ಮಣ್ಣಿಗೆ ತಿನ್ನಿಸುತ್ತಿದ್ದೇನೆ ಎಂದು ನನ್ನ ಮೇಲೆ ನನಗೇ ಬೇಸರವಾಯಿತು. ಹೊಸ ಹಸಿರು ವೈರು ಅಲ್ಲಿಂದ ಬಚ್ಚಲಿಗೆ ಬಂತು. ಸಾಕೆಟ್ಟು ನೀರು ಸಿಡಿಯದ ಎತ್ತರಕ್ಕೆ ಏರಿತು, ಮೇಲೆ ಮುಚ್ಚಳ ಬಂತು. ಮೇನ್ ಹಾಕಿ ಈಶ್ವರ ಸಾಕೆಟ್ಟಿನ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದ. ಟಕ್ ಎಂದು ಬಂದಾಯಿತು. ಮತ್ತೆ ಹಾಕಿದ, ಒತ್ತಿದ, ಟಕ್. ಒಂದು ದೀಪ ಹಚ್ಚಿ ನೋಡಿದ, ಉರಿಯಿತು. ಮಿಷನ್ನಿನ ಪ್ಲಗ್ಗು ಚುಚ್ಚಿ ಸ್ವಿಚ್ಚು ಹಾಕಿದ. ಟಕ್. ಇನ್ನೊಮ್ಮೆ. ಟಕ್.

"ಹೊಸ ಸಾಕೆಟ್ಟೇ ಹಾಳು" ಎಂದರು ದೇವಕ್ಕ. ಅವರು ಯಾವಾಗ ಬಂದರೋ ತಿಳಿಯದು. "ಹಳೇದ್ರಲ್ಲಿ ಎಷ್ಟು ಚಂದ ನಡೀತಿತ್ತು!"

ಅಂದು ಬಂದಿದ್ದ ಮಂಜುನಾಥನದು ಇನ್ನೊಂದು ಸಲಹೆ: "ಅಡುಗೆಮನೆಯಿಂದ ಒಂದು ವೈರು ಎಳೆದ್ರೆ ಆತಲ ಬಾವ."

ನಿಜ ಹೇಳಬೇಕು. ಅಷ್ಟೆಲ್ಲ ಆದ ಮೇಲೂ ಒಂದು ಗಳಿಗೆ ನಾನು ಅಡುಗೆಮನೆಯ ಕಡೆ ನೋಡಿದೆ. ಎಷ್ಟು ಉದ್ದದ ವೈರು ಬೇಕಾದೀತು ಎಂದು ಲೆಕ್ಕ ಹಾಕಿದೆ.

"ಹೋಯ್, ಸುಮ್ನಿರಿ ಎಲ್ರೂ" ಎಂದ ಈಶ್ವರ. "ಮಿಷನ್ನು ಸೋರ್ತಾ ಉಂಟು, ಅದ್ಕೇ ಇದು ಬೀಳ್ತದೆ. ಇದು ಬೀಳ್ದೆ ಹೋದ್ರೆ ಮತ್ತೆ ಅಕ್ಕ ಬೀಳೂದು."

ಮಿಷನ್ನಿನ ಬೆನ್ನು ಬಿಚ್ಚಿದ. ಒಳಗೆ ಮೋಟಾರಿನ ವೈರೊಂದು ತಗಡಿಗೆ ಉಜ್ಜಿ ಉಜ್ಜಿ ಚರ್ಮ ಸುಲಿದುಕೊಂಡು ತಾಮ್ರ ತೋರಿಸುತ್ತಿತ್ತು. ಮಿಷನ್ನು ಕುಣಿಯುತ್ತಿತ್ತು, ಕುಣಿತ ನಿಲ್ಲಲೆಂದು ಒಂದು ಕಾಲಿನ ಕೆಳಗೆ ಯಾರೋ ತೆಂಗಿನ ಗೆರಟೆ ಇಟ್ಟಿದ್ದರು, ಅದರಿಂದ ಕುಣಿತ ಹೆಚ್ಚಾಗಿತ್ತು. ಗೆರಟೆ ಇಟ್ಟವರು ಯಾರು ಎಂದು ಈಶ್ವರ ಈ ಸಲ ಕೇಳಲಿಲ್ಲ. ಅವನಿಗೆ ಅಂದಾಜು ಸಿಕ್ಕಿತ್ತು. ವೈರು ಬದಲಿಸಿ, ಕಾಲುಗಳನ್ನು ತಿರುಗಿಸಿ ಸಮ ಮಾಡಿ, ಮತ್ತೆ ಹಾಕಿದ. ಮಿಷನ್ನು ಸುಮ್ಮನೆ, ಬಹಳ ಮರ್ಯಾದೆಯಿಂದ ತಿರುಗಿತು.

ಮಾರನೆಯ ಬೆಳಿಗ್ಗೆ ನಾನು ಏನೇನೋ ಮಾತು ಸಿದ್ಧ ಮಾಡಿಕೊಂಡಿದ್ದೆ. ಹೆದರಬೇಡ, ಮೊದಲು ನಾನು ಮುಟ್ಟಿ ತೋರಿಸುತ್ತೇನೆ, ಬೇಕಾದರೆ ಒಂದು ವಾರ ನಾನೇ ಹಾಕುತ್ತೇನೆ, ಇತ್ಯಾದಿ. ಬಚ್ಚಲಿಗೆ ಹೋದರೆ ನಾಗವೇಣಿ ಆಗಲೇ ಬಟ್ಟೆ ತುಂಬಿ, ಅಂಗೈಯನ್ನು ತಗಡಿನ ಮೇಲಿಟ್ಟು ನಿಂತಿದ್ದಳು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ.

"ನಿಂಗೆ ಹೆದ್ರಿಕೆ ಆಗೂದಿಲ್ವಾ?" ಎಂದೆ.

"ಎಂತಕೆ? ಚೂರು ಹೆಚ್ಚುಕಮ್ಮಿ ಆದ್ರೂ ಆ ಸಾಕೆಟ್ಟಿಗೆ ತಿಳೀತದೆ ಅಂತ ಈಶ್ವರ ಹೇಳ್ಲಿಲ್ವಾ?" ಬಟ್ಟೆಗಳು ತಿರುಗುವುದನ್ನೇ ನೋಡುತ್ತ ಅವಳು ಹೇಳಿದಳು. "ನಿಮಗೆ ನಾನು ಮೂರು ಸಲ ಹೇಳಿದ್ದೆ."

ಹೇಳಿದ್ದಳು. ಈ ಸಂಗತಿಯನ್ನು ನಾನು ಆಸ್ಪತ್ರೆಯಲ್ಲಿ ಹೇಳಿರಲಿಲ್ಲ, ನೋಡಲು ಬಂದವರಿಗೆ ಹೇಳಿರಲಿಲ್ಲ, ಭಟ್ಕಳದ ಸಾಹೇಬರಿಗೆ ಹೇಳಿರಲಿಲ್ಲ, ಇಲ್ಲಿಯವರೆಗೆ ನಿಮಗೂ ಹೇಳಲಿಲ್ಲ. ಶಾಕು ಹೊಡೆಯುವ ಹಿಂದಿನ ವಾರ ಸೋಮವಾರ, ಗುರುವಾರ, ಮತ್ತು ಹಿಂದಿನ ದಿನ ಬೆಳಿಗ್ಗೆ, ಮಿಷನ್ನು ಮುಟ್ಟಿದರೆ ಜುಂ ಅನ್ನುತ್ತದೆ ಎಂದು ಅವಳು ಹೇಳಿದ್ದಳು. ಮೊದಲ ಸಲ ನಾನು ಹೂಂ ಎಂದೆ. ಎರಡನೆಯ ಸಲ ಪೇಪರಿನ ಪುಟ ತಿರುಗಿಸಿದೆ. ಮೂರನೆಯ ಸಲ, "ಕಾಲು ಒರೆಸಿಕೊಂಡು ಮುಟ್ಟು" ಎಂದೆ.

ಅಂದಿನಿಂದ ನಾನು ತಿದ್ದಿಕೊಂಡಿದ್ದೇನೆ. ಸ್ವಲ್ಪ ಅತಿಯಾಗಿದೆ ಎಂದು ಮನೆಯಲ್ಲಿ ಅಭಿಪ್ರಾಯ. ನಿನ್ನೆ ಮಧ್ಯಾಹ್ನ ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ಅವಳು, "ಹೋಯ್, ಕೇಳ್ತಾ?" ಎಂದಳು. ಅವಳ ಮುಂದಿನ ಮಾತು ಬರುವ ಮೊದಲೇ ನಾನು ಜಗಲಿಗೆ ಓಡಿ ಮೇನ್ ಸ್ವಿಚ್ಚು ಎಳೆದಿದ್ದೆ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಒಳಗೆ ಮಿಕ್ಸರು ಅರ್ಧ ಮಸಾಲೆಯಲ್ಲಿ ನಿಂತಿತು. ಮನೆ ಪೂರ್ತಿ ಸುಮ್ಮನಾಯಿತು. ಆ ಮೌನದಲ್ಲಿ ನಾಗವೇಣಿಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಒಂದು ಕಾಯಿ ಸುಲಿದು ಕೊಡೂಕೆ ಕರೆದದ್ದು ಮಾರಾಯ್ರೆ."