ನಾಲ್ಕು ಕೋರ್‌ಗಳ ಹಾಜರಿ

ಗುಮಾಸ್ತ ಚನ್ನಬಸವಣ್ಣನವರು ಅಷ್ಟೊಂದು ಅಚ್ಚುಕಟ್ಟಿನ ಮನುಷ್ಯರಾಗಿರದಿದ್ದರೆ ಮೊಹಸಿನನಿಗೆ ಆ ದಿನ ಅಂಥ ಫಜೀತಿ ಬರುತ್ತಿರಲಿಲ್ಲ. ಬೆಟಗೇರಿಯ ಡಿಪ್ಲೊಮಾ ಕಾಲೇಜಿಗೆ ಹೊಸ ಕಂಪ್ಯೂಟರ್ ಬಂದಾಗ ಬಿಲ್ಲಿನಲ್ಲಿ ‘ನಾಲ್ಕು ಕೋರ್ ಪ್ರೊಸೆಸರ್’ ಎಂದಿತ್ತು. ಅಂದರೆ ಒಂದೇ ಚಿಪ್‌ನೊಳಗೆ ಲೆಕ್ಕ ಮಾಡುವ ನಾಲ್ಕು ತಲೆ. ಚನ್ನಬಸವಣ್ಣನವರು ಏನನ್ನೂ ಬಿಡದೆ ದಾಸ್ತಾನು ಪುಸ್ತಕಕ್ಕೆ ಏರಿಸಿದರು: ಕಂಪ್ಯೂಟರ್ ಒಂದು, ಕೀಬೋರ್ಡ್ ಒಂದು, ಮೌಸ್ ಒಂದು, ಕೋರ್ ನಾಲ್ಕು.

ಪುಸ್ತಕಕ್ಕೆ ಏರಿದ್ದು ಎಣಿಕೆಗೆ ಸಿಗಲೇಬೇಕಲ್ಲ. ಎಣಿಸಲು ಜಿಲ್ಲಾ ಕಚೇರಿಯಿಂದ ಪುಂಡಲೀಕಪ್ಪನವರು ಬಂದರು. ಕುರ್ಚಿ ಇದೆ ಎಂದರೆ ನಂಬದೆ ಅದರ ಕಾಲುಗಳನ್ನೂ ಎಣಿಸುವ ಆಸಾಮಿ. ಮೊಹಸಿನ ಆ ಲ್ಯಾಬಿನಲ್ಲಿ ಆರು ವರ್ಷದಿಂದ ಹಂಗಾಮಿ ಮಾಸ್ತರ. ಅವನ ನೌಕರಿ ಕಾಯಂ ಮಾಡುವ ಕಾಗದ ಪ್ರಿನ್ಸಿಪಾಲರ ಮೇಜಿನ ಮೇಲೆ ಬಂದು ಕೂತಿತ್ತು. ಲ್ಯಾಬಿನ ಸಾಮಾನೆಲ್ಲ ಸರಿಯಾಗಿದೆ ಎಂದು ಪುಂಡಲೀಕಪ್ಪನವರು ಬರೆದುಕೊಟ್ಟರೆ ಸಂಜೆ ಐದಕ್ಕೆ ಅದಕ್ಕೆ ಸಹಿ ಬೀಳುತ್ತಿತ್ತು.

ಕೋರ್ ತೋರಿಸಿ ಎಂದರು ಪುಂಡಲೀಕಪ್ಪನವರು. ಮೊಹಸಿನ ನಗುತ್ತ ಕಂಪ್ಯೂಟರ್ ಚಾಲೂ ಮಾಡಿ, ಎಷ್ಟು ಕೋರ್ ಇವೆ ಎಂದು ಅದನ್ನೇ ಕೇಳಿದ. ಪರದೆಯ ಮೇಲೆ ‘1’ ಎಂದು ಬಂತು. ಮತ್ತೊಮ್ಮೆ ಕೇಳಿದ. ಮತ್ತೆ ಒಂದೇ.

“ಉಳದ ಮೂರು ಎಲ್ಲಿ ಹೋದುವ್ರಿ?”

“ಒಳಗ ಅದಾವ್ರಿ ಸರ. ಕಾಣವಲ್ವು.”

“ಕಾಣಲಾರದ್ದನ್ನ ಐತಿ ಅಂತ ನಾ ಹೆಂಗ ಬರೀಲಿ?”

ಮೊಹಸಿನ ಬೆವರೊರೆಸಿಕೊಂಡು ಹುಡುಕಲು ಕೂತ. ಕಂಪ್ಯೂಟರ್ ಶುರುವಾದಾಗ ಮೊದಲು ಒಂದೇ ಕೋರ್ ಎಚ್ಚರಾಗುತ್ತದೆ. ಕರ್ನಲ್ ಎಂಬ ತಂತ್ರಾಂಶವೇ ಒಳಗಿನ ಯಜಮಾನ; ಅವನು ಚಿಪ್ ಕೂತ ಬೋರ್ಡು ಕೊಡುವ ಪಟ್ಟಿ ನೋಡಿ ಉಳಿದವನ್ನು ಒಂದೊಂದಾಗಿ ಎಬ್ಬಿಸುತ್ತಾನೆ. ಎದ್ದವಷ್ಟೇ ಎಣಿಕೆಗೆ. ಪಟ್ಟಿ ತೆಗೆದು ನೋಡಿದರೆ ನಾಲ್ಕರ ಹೆಸರೂ ಇತ್ತು, ಯಜಮಾನ ಮಾತ್ರ ಯಾರನ್ನೂ ಕರೆದೇ ಇರಲಿಲ್ಲ. ಯಾಕೆಂದು ಮೊಹಸಿನನಿಗೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಲ್ಯಾಬಿನ ಬಾಗಿಲಲ್ಲಿ ಸಲಹೆಗಾರರು ಸೇರಿದರು. ಜವಾನ ಹುಚ್ಚೀರಪ್ಪನ ಪ್ರಕಾರ ಕರೆಂಟು ಸಾಲುತ್ತಿಲ್ಲ. ಒಂದು ಉಂಡು ಉಳಿದ ಮೂರು ಉಪವಾಸ ಮಲಗಿವೆ. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿಬಿಡಿ ಎಂದು ಚನ್ನಬಸವಣ್ಣನವರು ಹೇಳಿದರು. ತಲೆ ಕೆಟ್ಟುಹೋಗಿದ್ದ ಮೊಹಸಿನ ಅದನ್ನೂ ಮಾಡಿದ. ಬೋರ್ಡಿನ ಸೆಟ್ಟಿಂಗನ್ನೆಲ್ಲ ಅಳಿಸಿ ಕಂಪನಿಯ ಸೆಟ್ಟಿಂಗಿಗೆ ತಂದ. ಆದರೂ ‘1’.

ಪುಂಡಲೀಕಪ್ಪನವರು ಕಂಪ್ಯೂಟರಿನ ಡಬ್ಬಿ ಬಿಚ್ಚಿಸಿದರು. ಕನ್ನಡಕ ಏರಿಸಿ ಒಳಗೆ ಬಗ್ಗಿದರು. ಕಂಡದ್ದು ಒಂದೇ ಚಿಪ್. ನಾಲ್ಕೂ ಅದರ ಹೊಟ್ಟೆಯಲ್ಲಿವೆ ಎಂದು ಮೊಹಸಿನ ವಿವರಿಸಿದ್ದಕ್ಕೆ, ಹಾಗಾದರೆ ಒಡೆದು ತೋರಿಸಿ ಎಂದರು. ಸರ್ಕಾರಿ ಸಾಮಾನು ಒಡೆಯಲು ಬೇರೆ ಮಂಜೂರಾತಿ ಬೇಕು ಎಂದು ಚನ್ನಬಸವಣ್ಣನವರು ನಡುವೆ ಬಾಯಿ ಹಾಕಿದ್ದರಿಂದ ಚಿಪ್ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ, ಮೊಹಸಿನ ಮೂರು ಕೋರ್ ಕಿತ್ತು ಹುಬ್ಬಳ್ಳಿಯಲ್ಲಿ ಮಾರಿದನಂತೆ ಎಂಬ ಸುದ್ದಿ ಕ್ಯಾಂಟೀನು ಮುಟ್ಟಿತ್ತು. ಅವನು ಗಿರಮಿಟ್ ತಿನ್ನಲು ಒಳಗೆ ಕಾಲಿಟ್ಟೊಡನೆ ಎಲ್ಲರ ಮಾತೂ ನಿಂತಿತು. ಆರು ವರ್ಷದಲ್ಲಿ ಒಂದು ಮೌಸನ್ನೂ ಮನೆಗೆ ಒಯ್ಯದ ಮನುಷ್ಯ ಅವನು. ತಿನ್ನದೆ ಹಾಗೇ ಹೊರಗೆ ಬಂದ.

ಮೂರು ಗಂಟೆಗೆ ಗುಟ್ಟು ಸಿಕ್ಕಿತು. ಹಿಂದಿನ ದಿನ ಹುಡುಗರಿಗೆ ಪಾಠ ಮಾಡಲೆಂದು ಅವನೇ ಆ ಕರ್ನಲ್ಲನ್ನು ಹೊಸದಾಗಿ ಕಟ್ಟಿದ್ದ. ಕಟ್ಟುವ ಮೊದಲು ತುಂಬುವ ನಮೂನೆಯಲ್ಲಿ ‘ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇವೆಯೇ’ ಎಂಬ ಸಾಲಿಗೆ ಗುರುತು ಹಾಕುವುದನ್ನು ಮರೆತಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದ. ಆದರೂ ಅವನಿಗೆ ಆದದ್ದು ಸಂತೋಷವೇ. ಗುರುತು ಹಾಕಿ ಮತ್ತೆ ಕಟ್ಟಲು ಹಚ್ಚಿದ. ಎಚ್ಚರವಿದ್ದ ಆ ಒಂದೇ ಕೋರ್ ಒಂದೂವರೆ ತಾಸು ಒಂಟಿಯಾಗಿ ದುಡಿಯಿತು. ಐದಕ್ಕೆ ಕಾಲು ಗಂಟೆ ಇರುವಾಗ ಕಂಪ್ಯೂಟರ್ ಮತ್ತೆ ಶುರುವಾಯಿತು.

“ಈಗ ನೋಡ್ರಿ ಸರ,” ಎಂದು ಮೊಹಸಿನ ಪಕ್ಕಕ್ಕೆ ಸರಿದ.

ಪರದೆಯ ಮೇಲೆ ‘8’ ಎಂದಿತ್ತು.

ಮೊಹಸಿನನಿಗೆ ಒಂದು ಗಳಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆಯಿತು. ಆಮೇಲೆ ಹೊಳೆಯಿತು. ಒಂದೊಂದು ಕೋರನ್ನೂ ಎರಡರಂತೆ ದುಡಿಸುವ ಸೆಟ್ಟಿಂಗೊಂದು ಬೋರ್ಡಿನಲ್ಲಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟವರು ಅದನ್ನು ಬಂದ್ ಮಾಡಿದ್ದರು. ಬೆಳಿಗ್ಗೆ ಎಲ್ಲವನ್ನೂ ಕಂಪನಿಯ ಸೆಟ್ಟಿಂಗಿಗೆ ತಂದಾಗ ಅದು ಚಾಲೂ ಆಗಿತ್ತು. ಇರುವುದು ನಾಲ್ಕೇ, ಒಂದೊಂದೂ ಇಬ್ಬರ ಕೆಲಸ ಮಾಡುವುದರಿಂದ ಕರ್ನಲ್ ಎಂಟು ಅನ್ನುತ್ತದೆ ಎಂದು ಅವನು ಬಿಡಿಸಿ ಹೇಳಿದ.

ಪುಂಡಲೀಕಪ್ಪನವರು ಸಮಾಧಾನದಿಂದ ಕೇಳಿಸಿಕೊಂಡರು.

“ಹುಚ್ಚೀರಪ್ಪ ಗಂಟೀನೂ ಹೊಡಿತಾನ, ಗಿಡಕ್ಕ ನೀರೂ ಹಾಕ್ತಾನ. ಹಂಗಂತ ಹಾಜರಿ ಪುಸ್ತಕದಾಗ ಇಬ್ರು ಹುಚ್ಚೀರಪ್ಪ ಅದಾರೇನ್ರಿ?”

ಇರಬೇಕಿತ್ತು ಎಂಬಂತೆ ಹುಚ್ಚೀರಪ್ಪ ತಲೆ ಆಡಿಸಿದ. ಮೊಹಸಿನ, ಆ ಸೆಟ್ಟಿಂಗ್ ಬಂದ್ ಮಾಡಿದರೆ ಎರಡೇ ನಿಮಿಷದಲ್ಲಿ ನಾಲ್ಕಾಗುತ್ತದೆ ಎಂದು ಕೀಬೋರ್ಡಿಗೆ ಕೈ ಹಾಕಿದ. ಪುಂಡಲೀಕಪ್ಪನವರು ಆ ಕೈಯನ್ನು ಹಿಡಿದುಕೊಂಡರು.

“ನಾ ಕಣ್ಣಾರೆ ಕಂಡ ಸಾಮಾನು ನನ್ನ ಮುಂದನ ಮುಚ್ಚಿಡತೀರೇನು? ಕಮ್ಮಿ ಬಿದ್ರ ಎಷ್ಟು ತಪ್ಪೋ, ಹೆಚ್ಚು ಬಂದ್ರೂ ಅಷ್ಟ ತಪ್ಪು. ಈ ನಾಕು ಯಾರವು?”

ಯಾರವೂ ಅಲ್ಲ ಎಂದ ಮೊಹಸಿನ. ಪುಂಡಲೀಕಪ್ಪನವರು ತಮ್ಮ ಚೀಲದಿಂದ ಇನ್ನೊಂದು ಕಾಗದ ತೆಗೆದು ಓದಿ, ಮಡಚಿ, ಕನ್ನಡಕ ಇಳಿಸಿದರು.

“ಮೊನ್ನೆ ಮುಂಡರಗಿ ಕಾಲೇಜಿನಾಗ ಎಣಿಸಿದೆ. ಪುಸ್ತಕದಾಗ ಎಂಟು, ಪರದೆ ಮ್ಯಾಲೆ ನಾಕು. ಒಳಗ ಅದಾವು, ಕಾಣವಲ್ವು ಅಂತ ಅಲ್ಲಿ ಮಾಸ್ತರನೂ ಇದನ್ನ ಹೇಳಿದ. ಎಲ್ಲಿಗೆ ಬಂದಾವಂತ ಈಗ ಗೊತ್ತಾತು.”

ವಯಸ್ಸಿನ ಹುಡುಗ, ಕಳವು ಎಂದು ಬರೆದು ಬದುಕು ಹಾಳು ಮಾಡುವುದಿಲ್ಲ ಎಂದು ಪುಂಡಲೀಕಪ್ಪನವರು ಕನಿಕರದಿಂದ ಮೊಹಸಿನನ ಬೆನ್ನು ಸವರಿದರು. ನಾಳೆ ಮುಂಜಾನೆಯ ಮೊದಲ ಬಸ್ಸಿಗೆ ಹೆಚ್ಚಿನ ನಾಲ್ಕನ್ನೂ ಮುಂಡರಗಿಗೆ ಒಯ್ದು ಒಪ್ಪಿಸಬೇಕು, ರಸೀದಿ ತರಬೇಕು, ಕಾಯಂ ಮಾಡುವ ಮಾತು ಆಮೇಲೆ ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಿ ಹೊರಟುಹೋದರು.

ಮೊಹಸಿನ ಆ ಕಾಗದವನ್ನು ಮೂರು ಸಲ ಓದಿದ. ತಲೆ ಎತ್ತಿದಾಗ ಹುಚ್ಚೀರಪ್ಪ ಎಲ್ಲಿಂದಲೋ ಒಂದು ಖಾಲಿ ರಟ್ಟಿನ ಡಬ್ಬಿ ತಂದು ಹಗ್ಗ ಹಿಡಿದು ನಿಂತಿದ್ದ.

“ನಾಕೂ ಇದರಾಗ ಹಿಡಿತಾವೇನ್ರಿ ಸರ?”