ಅತ್ತೆಯ ಮೊಣಕಾಲು, ನನ್ನ ಪೊರೆ

ಕಚೇರಿಯ ಕೆಲಸವನ್ನು ಮನೆಗೆ ತರಬಾರದೆಂಬ ಬುದ್ಧಿ ಮದುವೆಯ ದಿನವೇ ಬಂದುಬಿಟ್ಟಿದ್ದರೆ ಎಷ್ಟೋ ಸಂಸಾರಗಳು ತಣ್ಣಗಿರುತ್ತಿದ್ದವು. ನಾನು ಯಾದಗಿರಿಯ ಒಂದು ಫಾರ್ಮಸಿ ಕಾಲೇಜಿನ ಮೇಷ್ಟ್ರು. ನೋವಿನ ಮುಲಾಮಿನ ಔಷಧ ಚರ್ಮದೊಳಗೆ ಎಷ್ಟು ಹೊತ್ತಿಗೆ ಇಳಿದೀತು ಎಂದು ಮುಂಚೆಯೇ ಅಂದಾಜಿಸುವುದು ನನ್ನ ಸಂಶೋಧನೆ. ಇದಕ್ಕೆ ತಮ್ಮ ಚರ್ಮ ಯಾರು ಕೊಡುತ್ತಾರೆ? ಕಾರ್ಖಾನೆಯಲ್ಲಿ ತಯಾರಾದ ತೆಳ್ಳನೆಯ ಪೊರೆಯನ್ನು ಗಾಜಿನ ಬಟ್ಟಲಿನ ಬಾಯಿಗೆ ಬಿಗಿದು, ಮೇಲೆ ಮುಲಾಮು ಸವರಿ, ಕೆಳಗಿನ ನೀರಿಗೆ ಔಷಧ ಇಳಿಯುವುದನ್ನು ಕಾಯುತ್ತೇನೆ. ಪೊರೆ ಬಹಳ ಸಭ್ಯ. ನರಳುವುದಿಲ್ಲ, ಎದುರು ಮಾತಾಡುವುದಿಲ್ಲ. ಅದನ್ನೇ ನೋಡಿ ನೋಡಿ ಲೋಕವೆಲ್ಲ ಹಾಗೇ ಇದೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಸುರಪುರದ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ಶಾಂತಾಳ ತಾಯಿ, ನಮ್ಮಲ್ಲೇ ಇದ್ದರು. ಶಹಾಪುರದಲ್ಲಿ ಅವರ ಮೊಮ್ಮಗಳು ಗೌರಿಯ ನಿಶ್ಚಯವಿತ್ತು. ಹುಡುಗಿಯ ಉಡಿಯನ್ನು ಮೊದಲು ತುಂಬಬೇಕಾದವರು ಅತ್ತೆಯೇ. ಹೊರಡುವ ಬೆಳಿಗ್ಗೆ ಮೊಣಕಾಲು ಹಿಡಿದು ಕೂತರು.

"ಅಳಿಯಾರ, ಕಾಲು ಹಿಂಗಾದ್ರ ನಾ ಹ್ಯಾಂಗ ಎದ್ದು ನಿಂದರ್ಲಿ?"

"ಚಿಂತಿ ಮಾಡಬ್ಯಾಡ್ರಿ. ಈ ಮುಲಾಮು ಹಚ್ಚಿಕೊಳ್ರಿ. ಬಸ್ಸು ಶಹಾಪುರ ಮುಟ್ಟೂದ್ರಾಗ ನೋವು ಇಳೀತದ" ಎಂದೆ. ಅದು ಅಂಗಡಿಯಲ್ಲಿ ಸಿಗುವ ಮುಲಾಮೇ. ನನ್ನ ಪೊರೆಯೊಳಗೆ ಸರಸರನೆ ಇಳಿದಿತ್ತು.

ಬಸ್ಸು ಶಹಾಪುರ ಮುಟ್ಟಿತು, ಔಷಧ ಮುಟ್ಟಲಿಲ್ಲ. ಉಡಿ ತುಂಬುವ ಹೊತ್ತಿಗೆ ಕುಬಸ, ಕೊಬ್ಬರಿ ಹಿಡಿದ ಹೆಂಗಸರೆಲ್ಲ ಅತ್ತೆಯನ್ನೇ ನೋಡುತ್ತಿದ್ದರು. ಅವರು ಕುರ್ಚಿಯ ಕೈ ಒತ್ತಿ ಅರ್ಧ ಎದ್ದು ಮತ್ತೆ ಕೂತರು. ಮುಖ ಸಣ್ಣದಾಯಿತು. ಆಗ ಗೌರಿಯೇ ಹೊಸ ಸೀರೆಯ ನಿರಿಗೆ ಎತ್ತಿ ಹಿಡಿದು ಬಂದು ಅವರ ಕಾಲ ಬಳಿ ಕೂತು ಸೆರಗೊಡ್ಡಿದಳು. "ನೀ ಏಳಬ್ಯಾಡ ಆಯಿ, ನಾನಽ ಬಂದೀನಿ." ಅತ್ತೆ ಕೂತಲ್ಲೇ ಉಡಿ ತುಂಬಿದರು, ಶಾಂತಾ ಕಣ್ಣೊರೆಸಿಕೊಂಡಳು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಮೇಷ್ಟ್ರ ಬಾಯಿ, ಸುಮ್ಮನಿರಲಿಲ್ಲ. "ಮುಲಾಮಿನ ತಪ್ಪಲ್ರಿ. ಪೊರಿ ತೆಳ್ಳಗಿರ್ತದ. ನಿಮ್ಮ ಚರ್ಮ ಭಾಳ ದಪ್ಪ" ಎಂದುಬಿಟ್ಟೆ, ಬೀಗರೆಲ್ಲರ ಎದುರಿಗೆ.

"ಹೌದ್ರಿ ಅಳಿಯಾರ," ಎಂದರು ಅತ್ತೆ, "ದಪ್ಪ ಇರೂದಕ್ಕಽ ಇಷ್ಟು ದಿನ ನಿಮ್ಮ ಮನ್ಯಾಗ ಇದ್ದೀನಿ."

ಮನೆ ತುಂಬ ನಗು. ಊಟ ಮುಗಿದ ಮೇಲೆ ನೋವು ಇಳಿದು ಅತ್ತೆ ತಾವೇ ಬಸ್ಸಿಗೆ ನಡೆದರು. ಯಾದಗಿರಿಯವರೆಗೆ ತಾಯಿ ಮಗಳಿಬ್ಬರೂ ನನ್ನನ್ನು ಹಿಂದೆ ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು.

ಚರ್ಮದ ಮೇಲ್ಪದರದಲ್ಲಿ ಕೊಬ್ಬು ಇರುತ್ತದೆ. ಔಷಧ ಅದನ್ನು ದಾಟಲು ಹೆಣಗುತ್ತದೆ. ನನ್ನ ಪೊರೆಯಲ್ಲಿ ಆ ಕೊಬ್ಬೇ ಇರಲಿಲ್ಲ. ಮರುವಾರ ಪೊರೆಯನ್ನು ಎಣ್ಣೆಯಂಥ ದ್ರವದಲ್ಲಿ ನೆನೆಸಿ ನೋಡಿದೆ. ಔಷಧ ಆಮೆಯಾಯಿತು. "ಹೊರಡೂವಾಗಲ್ಲ, ನಸುಕಿನ್ಯಾಗ ಹಚ್ಚಿಕೊಳ್ರಿ" ಎಂದು ಅತ್ತೆಗೆ ತಿದ್ದಿ ಹೇಳಿದೆ. ಗೌರಿಯ ಮದುವೆಯಲ್ಲಿ ಅವರು ನಿಂತೇ ಅಕ್ಷತೆ ಹಾಕಿದರು. ನನ್ನತ್ತಲೂ ನಾಲ್ಕು ಕಾಳು ಎಸೆದು ನಕ್ಕರು.

ಮೊನ್ನೆ ಕಾಲೇಜಿನಲ್ಲಿ ಗಾಜಿನ ಬಟ್ಟಲಿನ ಮೇಲೆ ಬಗ್ಗಿ ಬಗ್ಗಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಮರುದಿನ ಬೆಳಿಗ್ಗೆ ಶಾಂತಾ ಮುಲಾಮು ಹಚ್ಚಿ ಕೈ ತೊಳೆಯುವಷ್ಟರಲ್ಲಿ "ಇನ್ನೂ ಕಡಿಮಿ ಆಗವಲ್ದಲ್ಲ!" ಎಂದು ನರಳಿದೆ. ಸುರಪುರದಿಂದ ಫೋನಿನಲ್ಲಿದ್ದ ಅತ್ತೆಗೂ ಕೇಳಿಸಿತು.

"ಶಾಂತಾ, ಅಳಿಯಾರಿಗೆ ಒಂದು ಕಪ್ ಚಹಾ ಕೊಡು. ಮಧ್ಯಾಹ್ನದ ತನಕ ಸುಮ್ಮ ಕುಂದರ್ಲಿ."

ಚಹಾ ಕುಡಿದು ಕೂತೆ. ನೋವೇನೋ ಇಳಿಯಿತು, ನಾನು ಲೆಕ್ಕ ಹಾಕಿದ ಹೊತ್ತಿಗಲ್ಲ. ಅತ್ತೆ ಹೇಳಿದ ಹೊತ್ತಿಗೆ.