ದುಗ್ಗಮ್ಮಕ್ಕನ ಎದುರು ಬಾಯಿ ತೆರೆದದ್ದು

ಹಿಂದಿನ ದಿನ ಎಲ್ಲ ಸರಿಯೇ ಇತ್ತು. ಮಧ್ಯಾಹ್ನ ನಮ್ಮವರು ಕಡಬಕ್ಕೆ ಹೋಗಿ ಸೀಮೆಎಣ್ಣೆ ತಂದರು. ಡಬ್ಬಿ ಕೆಳಗಿಟ್ಟು, ಜಗಲಿಯಲ್ಲಿ ಕುಳಿತು ದೊಡ್ಡದಾಗಿ ಆಕಳಿಸಿದರು. ಅದು ಚಾದ ಆಕಳಿಕೆ. ಚಾ ಕೊಟ್ಟೆ. "ಸಕ್ಕರೆ ಕಡಿಮೆ ಆಯ್ತು" ಎಂದರು. ಕುಡಿದರು. ಮರುದಿನ ಬೆಳಿಗ್ಗೆ ಏಳಲಿಲ್ಲ. ಅರವತ್ತೇಳನೇ ಇಸವಿ. ಆ ಆಕಳಿಕೆಯಲ್ಲಿ ಏನಾದರೂ ಸೂಚನೆ ಇತ್ತೇ ಎಂದು ಬಂದವರೆಲ್ಲ ನನ್ನನ್ನು ಕೇಳಿದರು. ಇರಲಿಲ್ಲ. ಚಾ ಬೇಕಿತ್ತು, ಅಷ್ಟೇ.

ನನ್ನನ್ನೇ ಯಾಕೆ ಕೇಳಿದರು ಎಂದರೆ, ಆಕಳಿಕೆಯ ಅರ್ಥ ಹೇಳುವುದರಲ್ಲಿ ಪುತ್ತೂರಿನಿಂದ ಸುಳ್ಯದವರೆಗೆ ನನ್ನನ್ನು ಮೀರಿಸುವ ಹೆಂಗಸು ಇರಲಿಲ್ಲ! ಓದಿದ್ದು ಮೂರನೇ ಕ್ಲಾಸು. ಆದರೆ ಬಾಯಿ ತೆರೆದ ಅಳತೆ ನೋಡಿದರೆ ಸಾಕು. ಹಸಿವೋ, ನಿದ್ದೆಯೋ, ಎದುರಿನವನ ಮಾತು ಸಾಕಾಯಿತೋ, ಹೇಳಿಬಿಡುತ್ತಿದ್ದೆ. ಎಲ್ಲಕ್ಕಿಂತ ದೊಡ್ಡದು ದೃಷ್ಟಿಯ ಆಕಳಿಕೆ. ಯಾರಿಗಾದರೂ ಕಣ್ಣು ತಾಗಿದರೆ ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಅವರಿಗೆ ನಿವಾಳಿಸಿ ಒಲೆಗೆ ಹಾಕುವುದು ನಮ್ಮ ಕ್ರಮ. ನಿವಾಳಿಸುವವಳಿಗೆ ಆಕಳಿಕೆ ಬಂದರೆ ಕಣ್ಣು ತಾಗಿದ್ದು ನಿಜ. ಬಾರದಿದ್ದರೆ ಮಗುವಿಗೆ ಬರೀ ಹೊಟ್ಟೆನೋವು. ನನಗೆ ಬರುತ್ತಿತ್ತು. ಹೇಗೆ ಬರುತ್ತಿತ್ತು! ಕಣ್ಣಲ್ಲಿ ನೀರು, ಕಿವಿಯಲ್ಲಿ ಗಾಳಿ, ಕಿರುನಾಲಿಗೆ ಅಂಗಳಕ್ಕೆ ಕಾಣಬೇಕು! ಆಚೆಮನೆಯ ಮೈಮೂನಮ್ಮ ಕೂಡ ಮೊಮ್ಮಗುವನ್ನು ಎತ್ತಿಕೊಂಡು ಬಂದು, "ಪೂವಮ್ಮಾ, ಒಮ್ಮೆ ಬಾಯಿ ತೆಗಿ ಮಾರಾಯ್ತಿ" ಎನ್ನುತ್ತಿದ್ದರು.

ಈ ಬಾಯಿಯೇ ಒಂದು ದಿನ ಮನೆ ಮುಳುಗಿಸಲು ಹೊರಟಿತು. ನಾನು ಈ ಮನೆಗೆ ಬಂದು ಕೆಲವು ವರ್ಷ ಆಗಿತ್ತು. ಮಾವ, ಅತ್ತೆ ಇರಲಿಲ್ಲ. ನಮ್ಮವರ ತಂಗಿ ವಸುಮತಿಯನ್ನು ನೋಡಲು ಕಾಣಿಯೂರಿನಿಂದ ಗಂಡಿನವರು ಬರುವವರಿದ್ದರು. ಹುಡುಗ ಚೆನ್ನಕೇಶವನನ್ನು ಅವಳು ಒಂದು ಮದುವೆ ಊಟದಲ್ಲಿ ಮೊದಲೇ ನೋಡಿದ್ದಳು. "ಅತ್ತಿಗೆ, ಇದು ತಪ್ಪಿದರೆ ನಾನು ಇನ್ನೊಬ್ಬರ ಎದುರು ಹೋಗಿ ಕೂರುದಿಲ್ಲ" ಎಂದಿದ್ದಳು. ಹೇಳಿದ ಮೇಲೆ ಮುಗಿಯಿತು, ಅವಳು ಅಂಥವಳು.

"ತಪ್ಪುದು ಹೇಗೆ? ನಾನು ಇಲ್ವಾ?" ಎಂದೆ ನಾನು!

ಕೋಳಿ ಕೂಗುವ ಮೊದಲೇ ಎದ್ದು ಕಡುಬು ಬೇಯಿಸಿದೆ. ಗಂಡಿನವರು ಬಂದರು. ಹುಡುಗನ ಅಪ್ಪ ಜತ್ತಪ್ಪ ಗೌಡರು ಕುಳಿತವರೇ ತಮ್ಮ ಗಡಿಯ ವ್ಯಾಜ್ಯದ ಕಥೆ ತೆಗೆದರು. ಪುತ್ತೂರು ಕೋರ್ಟಿಗೆ ಹೋದದ್ದು, ವಕೀಲ ಹೇಳಿದ್ದು, ಒಂದನೇ ಗಡಿಕಲ್ಲು, ಅಲ್ಲಿಂದ ಹಲಸಿನ ಮರ, ಅಲ್ಲಿಂದ ಎರಡನೇ ಗಡಿಕಲ್ಲು. ನಾನು ಹರಿವಾಣ ಹಿಡಿದು ನಿಂತಿದ್ದೆ. ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಹುಡುಗನ ಅಮ್ಮ ದುಗ್ಗಮ್ಮಕ್ಕ ವಸುಮತಿಯ ಮುಖ ನೋಡಿ ಹೇಳಿದರು:

"ಹುಡುಗಿ ಚಂದ ಇದ್ದಾಳೆ."

ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ನನ್ನ ಬಾಯಿ ತೆರೆಯಿತು! ಸಣ್ಣದಾಗಿ ಅಲ್ಲ. ಹರಿವಾಣದ ಕಡುಬು ಪೂರಾ ಒಳಗೆ ಹೋಗುವಷ್ಟು!

ಗಡಿಕಲ್ಲಿನ ಕಥೆ ನಿಂತಿತು. ನನ್ನ ಆಕಳಿಕೆಯ ಕೀರ್ತಿ ಕಾಣಿಯೂರಿಗೂ ಹೋಗಿತ್ತು, ಅದೇ ಕಷ್ಟ.

"ಎಂತ ಪೂವಮ್ಮ," ದುಗ್ಗಮ್ಮಕ್ಕ ಸೆರಗು ಸರಿ ಮಾಡಿಕೊಂಡರು. "ನಾನು ಚಂದ ಹೇಳಿದ್ದಕ್ಕೆ ನಿನಗೆ ಆಕಳಿಕೆ ಬಂತಾ? ನನ್ನ ಕಣ್ಣು ಹಾಗೆ ಉಂಟಾ?"

ನಾನು ಏನು ಹೇಳಬೇಕು? ದೃಷ್ಟಿ ಎಂದರೆ ಹುಡುಗನ ಅಮ್ಮ ಏಳುತ್ತಾರೆ. ನಿದ್ದೆ ಎಂದರೆ ಗಡಿಕಲ್ಲಿನ ಅಪ್ಪ ಏಳುತ್ತಾರೆ! ನಮ್ಮವರು ಹಿಂದಿನಿಂದ ಪಿಸುಗುಟ್ಟಿದರು, "ಹಸಿವು ಹೇಳು, ಹಸಿವು!"

"ಹಸಿವು ದುಗ್ಗಮ್ಮಕ್ಕ. ಹಸಿವಿನ ಆಕಳಿಕೆ."

"ಬಡಿಸುವವಳಿಗೇ ಹಸಿವಾ? ಈ ಮನೆಯಲ್ಲಿ ಹೆಂಗಸರಿಗೆ ಊಟ ಹಾಕುದಿಲ್ವಾ ಕುಕ್ಕಪ್ಪ?"

ಕುಕ್ಕಪ್ಪ ಎಂದರೆ ನಮ್ಮವರು. ಅವರಿದ್ದಾಗ ನಾನು ಹೆಸರು ಹೇಳುತ್ತಿರಲಿಲ್ಲ. ಈಗ ಬರೆಯಬಹುದು.

"ಹಾಗಲ್ಲ ದುಗ್ಗಮ್ಮಕ್ಕ, ಇವಳು ಮೂರು ಸಲ ಉಣ್ಣುತ್ತಾಳೆ" ಎಂದು ಅವರು ನನ್ನ ಮರ್ಯಾದೆ ಉಳಿಸಿದರು!

ದುಗ್ಗಮ್ಮಕ್ಕ ತೀರ್ಪು ಕೊಟ್ಟರು. "ಉಪ್ಪು ಮೆಣಸು ತಾ. ನಮ್ಮ ಎದುರೇ ಹುಡುಗಿಗೆ ನಿವಾಳಿಸು. ಆಕಳಿಕೆ ಬಂದರೆ ನನ್ನ ಕಣ್ಣು ಕೆಟ್ಟದು, ನಾವು ಎದ್ದು ಹೋಗುದು. ಬಾರದಿದ್ದರೆ ಕೂತು ಮಾತಾಡುದು."

ವಸುಮತಿ ಬಿಳುಚಿಕೊಂಡಳು. ಮುಷ್ಟಿಯಲ್ಲಿ ಉಪ್ಪು ಹಿಡಿದ ಕೂಡಲೇ ನನಗೆ ಆಕಳಿಕೆ ಬರುತ್ತದೆ ಎಂದು ಅವಳಿಗೆ ಗೊತ್ತು. ಅಭ್ಯಾಸ. ಎಷ್ಟು ಮಕ್ಕಳಿಗೆ ನಿವಾಳಿಸಿದ ಬಾಯಿ!

ಶುರು ಮಾಡಿದೆ. ಕೈ ಒಂದು ಸುತ್ತು ಬಂತು. ಗಂಟಲಿನ ಬುಡದಲ್ಲಿ ಅದು ಎದ್ದಿತು. ತುಟಿ ಕಚ್ಚಿದೆ. ಇನ್ನೊಂದು ಸುತ್ತು. ಮೂಗಿನ ಹೊಳ್ಳೆ ಅರಳಿತು. ಕಣ್ಣಲ್ಲಿ ನೀರು ತುಂಬಿತು. ಕೆನ್ನೆ ಉಬ್ಬಿ ಬೆಲ್ಲದ ಅಚ್ಚಿನಂತಾಯಿತು. ದುಗ್ಗಮ್ಮಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು. ವಸುಮತಿ ಕಣ್ಣು ಮುಚ್ಚಿಕೊಂಡಳು. ಇನ್ನು ಒಂದು ಉಸಿರು, ಮದುವೆ ಮುರಿಯಿತು!

"ಆಆಆಆ!"

ನಾನಲ್ಲ. ನಮ್ಮವರು! ಜಗಲಿ ನಡುಗುವ ಹಾಗೆ, ಎರಡು ಕೈ ಮೇಲೆತ್ತಿ, ಕಾಡುಪ್ರಾಣಿಯ ಹಾಗೆ ಆಕಳಿಸಿದರು. ಎಲ್ಲರೂ ಆ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ. ಹಿಡಿದಿಟ್ಟದ್ದನ್ನೆಲ್ಲ ಬಿಟ್ಟೆ. ಬಾಯಿ ಮುಚ್ಚಿ ಈ ಕಡೆ ತಿರುಗಿದರೆ, ಚೆನ್ನಕೇಶವ ನನ್ನನ್ನೇ ನೋಡುತ್ತಿದ್ದ. ಪೂರಾ ನೋಡಿದ್ದಾನೆ! ಅವನು ಮೆಲ್ಲ ತಲೆ ತಗ್ಗಿಸಿ ಕಡುಬು ಮುರಿಯತೊಡಗಿದ. ಒಳ್ಳೆಯ ಹುಡುಗ.

"ಎಂತ ಮಾರಾಯ," ಜತ್ತಪ್ಪ ಗೌಡರು ಬೆರಗಾದರು. "ನಿವಾಳಿಸುದು ಅವಳು, ಆಕಳಿಸುದು ನೀನಾ?"

ನಮ್ಮವರ ಬಾಯಿ ಹಾಗೇ ತೆರೆದಿತ್ತು. "ಆ, ಆ" ಎಂದು ದವಡೆ ತೋರಿಸಿದರು. ದವಡೆ ಜಾರಿತ್ತು!

ನಾನು ಕೂಗಿಕೊಂಡೆ. ಡಾಕ್ಟರನ್ನು ನೋಡಬೇಕಾದರೆ ಪುತ್ತೂರಿಗೆ ಹೋಗಬೇಕು. ಬಾಯಿ ತೆರೆದ ಮನುಷ್ಯನನ್ನು ಬಸ್ಸಿನಲ್ಲಿ ಕೂರಿಸುವುದು ಹೇಗೆ? ದುಗ್ಗಮ್ಮಕ್ಕ ಎದ್ದರು. ಹೋಗಲಿಕ್ಕಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಕರುವಿಗೆ ಮದ್ದು ಕುಡಿಸಿದ ಕೈ ಇದು. ಕಚ್ಚಬೇಡ ಕುಕ್ಕಪ್ಪ" ಎಂದು ಎರಡು ಹೆಬ್ಬೆರಳು ಬಾಯಿಗೆ ಹಾಕಿ, ಹಿಂದಿನ ಹಲ್ಲಿನ ಮೇಲೆ ಒತ್ತಿ, ಕೆಳಗೆ ನೂಕಿದರು. ಕಟಕ್! ಕೂತಿತು.

ನಮ್ಮವರು ದವಡೆ ಉಜ್ಜಿಕೊಂಡು ಮೊದಲು ಆಡಿದ ಮಾತು ಇದು:

"ಗೌಡ್ರೆ, ಆ ಮೂರನೇ ಗಡಿಕಲ್ಲು ಎಲ್ಲಿ ಉಂಟು?"

ಜತ್ತಪ್ಪ ಗೌಡರ ಮುಖ ಅರಳಿದ್ದನ್ನು ನೋಡಬೇಕಿತ್ತು! ಅದನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವಂತೆ. ದುಗ್ಗಮ್ಮಕ್ಕ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಾಲ್ಕನೇ ಗಡಿಕಲ್ಲಿಗೆ ಮುಟ್ಟುವಾಗ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯ ಆಯಿತು. ವಸುಮತಿ ಕಾಣಿಯೂರಿಗೆ ಹೋದಳು. ಈಗಲೂ ಚೆನ್ನಾಗಿದ್ದಾಳೆ.

ಆದರೆ ಆ ದವಡೆ ಮೊದಲಿನಂತೆ ಆಗಲಿಲ್ಲ. ಗಟ್ಟಿ ಅಗಿದರೆ ಜಾರುತ್ತಿತ್ತು. ಎಲೆಅಡಿಕೆ ಬಿಡುವ ಮನುಷ್ಯ ಅಲ್ಲ. ನನ್ನ ಕೈಗೆ ಕುಟ್ಟಾಣಿ ಬಂತು.

"ನಾನೇ ಕುಟ್ಟಬೇಕಾ? ನಿಮಗೆ ಕೈ ಇಲ್ವಾ?" ಎಂದೆ ಮೊದಲ ದಿನ.

"ನಿನ್ನ ಬಾಯಿ ಮುಚ್ಚಲಿಕ್ಕೆ ನಾನು ಬಾಯಿ ತೆರೆದದ್ದು. ಕುಟ್ಟು!"

ಕುಟ್ಟಿದೆ. ಬಾಯಿಗೆ ಹಾಕಿಕೊಂಡು ಪ್ರತಿದಿನ ಅವರದು ಒಂದೇ ದೂರು: "ಇದು ಎಂತ, ಕಡಬದ ರಸ್ತೆಗೆ ಜಲ್ಲಿ ಹಾಕುದಾ? ಇನ್ನೂ ಸ್ವಲ್ಪ ಕುಟ್ಟು ಮಾರಾಯ್ತಿ."

ನನ್ನ ಹಲ್ಲು, ದವಡೆ ಎರಡೂ ಗಟ್ಟಿ ಉಂಟು. ಈ ಮನೆಯಲ್ಲಿ ಕುಟ್ಟಿದ ಎಲೆಅಡಿಕೆ ಬೇಕಾದವರು ಈಗ ಯಾರೂ ಇಲ್ಲ. ಬೆಳಿಗ್ಗೆ ಒಲೆ ಹಚ್ಚಿ, ನೀರು ಇಟ್ಟು, ಹೊಸ್ತಿಲ ಬಳಿ ಕುಳಿತು ಕುಟ್ಟುತ್ತೇನೆ. ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಜಲ್ಲಿ ಅನ್ನಿಸುತ್ತದೆ. ಇನ್ನೂ ಸ್ವಲ್ಪ ಕುಟ್ಟುತ್ತೇನೆ.